ಚುಕ್ಕಿಗೊಂದು ಸಂಖ್ಯೆ: ಗ್ರಾಫ್ ಲೇಬಲಿಂಗ್ ಮತ್ತು ಕರ್ನಾಟಕದ ಗಣಿತಜ್ಞರು

ಒಂದು ಹಾಳೆಯ ಮೇಲೆ ಸಾಲಾಗಿ ಐದು ಚುಕ್ಕಿಗಳನ್ನಿಡಿ. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ. ನಾಲ್ಕು ಗೆರೆಗಳಾದವು. ಈಗ 0ಯಿಂದ 4ರವರೆಗಿನ ಸಂಖ್ಯೆಗಳನ್ನು ಚುಕ್ಕಿಗೊಂದರಂತೆ ಹಂಚಬೇಕು. ಪ್ರತಿ ಗೆರೆಯ ಮೇಲೆ ಅದರ ಎರಡು ತುದಿಗಳ ಸಂಖ್ಯೆಗಳ ವ್ಯತ್ಯಾಸವನ್ನು ಬರೆಯಬೇಕು. ಗೆರೆಗಳ ಮೇಲೆ 1, 2, 3, 4 ಒಂದೊಂದೇ ಸಲ ಬರುವಂತೆ ಮಾಡಲು ಸಾಧ್ಯವೆ? 0, 1, 2, 3, 4 ಎಂದು ಸಾಲಾಗಿ ಬರೆದರೆ ಎಲ್ಲ ಗೆರೆಗಳ ಮೇಲೂ 1 ಬಂದು ಕುಳಿತುಕೊಳ್ಳುತ್ತದೆ. ಅದು ಆಗದು. 0, 4, 1, 3, 2 ಎಂದು ಬರೆದು ನೋಡಿ: ವ್ಯತ್ಯಾಸಗಳು 4, 3, 2, 1. ಲೆಕ್ಕ ಬಗೆಹರಿಯಿತು.

ಇದಕ್ಕೆ ಕೂಡು-ಕಳೆ ಗೊತ್ತಿದ್ದರೆ ಸಾಕು. ಆದರೆ ಸಾಲಿನ ಬದಲು ಕೊಂಬೆ ಒಡೆದ ಆಕೃತಿಯನ್ನು ಕೊಟ್ಟು, ‘ಇಂಥ ಪ್ರತಿಯೊಂದು ಆಕೃತಿಗೂ ಹೀಗೆ ಸಂಖ್ಯೆ ಹಂಚಬಹುದೆ?’ ಎಂದು ಕೇಳಿದರೆ, ಉತ್ತರ ಜಗತ್ತಿನಲ್ಲಿ ಯಾರಿಗೂ ತಿಳಿಯದು. 1960ರ ದಶಕದಿಂದ ಈ ಪ್ರಶ್ನೆ ಹಾಗೆಯೇ ನಿಂತಿದೆ. ಗಣಿತದ ಬೇರೆ ಶಾಖೆಗಳಲ್ಲಿ, ಇನ್ನೂ ಬಿಡಿಸದ ಪ್ರಶ್ನೆ ಯಾವುದೆಂದು ಅರ್ಥ ಮಾಡಿಕೊಳ್ಳಲು ಎಂ.ಎಸ್ಸಿ. ಮುಗಿದಿರಬೇಕು. ಇಲ್ಲಿ ಹಾಗಲ್ಲ. ಗ್ರಾಫ್ ಲೇಬಲಿಂಗ್ ಎಂಬ ಈ ಶಾಖೆಯ ಇತಿಹಾಸದಲ್ಲಿ ಕರ್ನಾಟಕದ ಗಣಿತಜ್ಞರಿಗೆ ಗಟ್ಟಿಯಾದ ಪಾಲಿದೆ ಎಂಬುದು ನಮ್ಮ ಕಾಲೇಜುಗಳಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

ಮೊದಲು ಮಾತುಗಳ ಪರಿಚಯವಾಗಲಿ. ಚುಕ್ಕಿಗಳೂ ಅವುಗಳನ್ನು ಸೇರಿಸುವ ಗೆರೆಗಳೂ ಕೂಡಿದರೆ ಗ್ರಾಫ್. ನಮ್ಮ ರಾಜ್ಯದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಒಂದು ಕಾಲಕ್ಕೆ ‘ಜಾಲಾಕೃತಿ’ ಎಂದು ಪಾಠವಿತ್ತಲ್ಲ, ಅದೇ ಇದು. ಗೆರೆಗಳು ಎಲ್ಲಿಯೂ ಸುತ್ತಿ ಬಂದು ಮುಚ್ಚಿಕೊಳ್ಳದೆ ಎಲ್ಲ ಚುಕ್ಕಿಗಳೂ ಒಂದಕ್ಕೊಂದು ತಗುಲಿಕೊಂಡಿದ್ದರೆ ಅದು ‘ಮರ’. ಗೆರೆಗಳು q ಇದ್ದಾಗ, 0ಯಿಂದ q ವರೆಗಿನ ಬೇರೆ ಬೇರೆ ಸಂಖ್ಯೆಗಳನ್ನು ಚುಕ್ಕಿಗಳಿಗೆ ಕೊಟ್ಟು, ವ್ಯತ್ಯಾಸಗಳಾಗಿ 1ರಿಂದ q ವರೆಗೆ ಎಲ್ಲವನ್ನೂ ಒಂದೊಂದೇ ಸಲ ಪಡೆಯಲು ಸಾಧ್ಯವಾದರೆ ಆ ಗ್ರಾಫ್ ‘ಗ್ರೇಸ್‌ಫುಲ್’. ಸೊಗಸಿನ ಗ್ರಾಫ್ ಎಂದು ಕನ್ನಡಿಸಬಹುದು. ಲೆಕ್ಕವನ್ನು ಕನ್ನಡದಲ್ಲಿಯೇ ಹೇಳಿದ 12ನೆಯ ಶತಮಾನದ ರಾಜಾದಿತ್ಯ ಇದ್ದಿದ್ದರೆ ಇದಕ್ಕಿಂತ ಒಳ್ಳೆಯ ಹೆಸರು ಕೊಡುತ್ತಿದ್ದನೇನೋ!

ಎಲ್ಲ ಗ್ರಾಫ್‌ಗಳೂ ಸೊಗಸಾಗಿರುವುದಿಲ್ಲ. ಪಂಚಭುಜವನ್ನು ತೆಗೆದುಕೊಳ್ಳಿ. ಐದು ಗೆರೆಗಳ ಮೇಲೆ 1ರಿಂದ 5 ಬರಬೇಕು. ಒಟ್ಟು 15, ಬೆಸ ಸಂಖ್ಯೆ. ಆದರೆ ಒಂದು ಚುಕ್ಕಿಯಿಂದ ಹೊರಟು ಸುತ್ತಿ ಅದೇ ಚುಕ್ಕಿಗೆ ಬಂದರೆ ಹತ್ತಿದ್ದೆಷ್ಟೋ ಇಳಿದದ್ದೂ ಅಷ್ಟೇ. ಆದ್ದರಿಂದ ವ್ಯತ್ಯಾಸಗಳ ಮೊತ್ತ ಸಮಸಂಖ್ಯೆಯೇ ಆಗಬೇಕು. ಹೀಗಾಗಿ ಪಂಚಭುಜ ಸೊಗಸಿನದಲ್ಲ. ಇದೇ ಯುಕ್ತಿ ಷಡ್ಭುಜಕ್ಕೂ ಸಲ್ಲುತ್ತದೆ. ತ್ರಿಭುಜಕ್ಕೆ 0, 1, 3. ಚತುರ್ಭುಜಕ್ಕೆ 0, 4, 1, 2. ಮಾಡಿ ನೋಡಿ.

ಇದೆಲ್ಲ ಬಿಡುವಿನ ವೇಳೆಯ ಆಟವೆ? ಒಂದು ಉದಾಹರಣೆ ನೋಡೋಣ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯನ್ನು 0 ಎನ್ನಿ. ಹೊಸಕೋಟೆ 1, ಅನುಗೊಂಡನಹಳ್ಳಿ 2, ಜಡಿಗೇನಹಳ್ಳಿ 3, ಸೂಲಿಬೆಲೆ 4, ನಂದಗುಡಿ 5, ಪಕ್ಕದ ದೇವನಹಳ್ಳಿ ತಾಲ್ಲೂಕಿನ ವಿಜಯಪುರ 6. ಒಂದೇ ಒಂದು ಬಸ್ಸಿದೆ. ದಿನಕ್ಕೆ ಮೂರು ಪಯಣ ಮಾತ್ರ ಮಾಡಬಲ್ಲದು. ವಾರದಲ್ಲಿ ಪ್ರತಿ ಎರಡು ಊರುಗಳ ನಡುವೆ ಒಂದು ಸಲ, ಒಂದೇ ಸಲ, ನೇರ ಪಯಣ ಆಗಬೇಕು. (ರಸ್ತೆಗಳು ನಿಜವಾಗಿ ಹೀಗೇ ಇವೆಯೆಂದಲ್ಲ, ಲೆಕ್ಕಕ್ಕಾಗಿ ಕಲ್ಪಿಸಿಕೊಂಡದ್ದು.) ಏಳು ಊರುಗಳಲ್ಲಿ ಜೋಡಿಗಳು 21, ವಾರದ ಪಯಣಗಳೂ 21. ಒಂದಾದರೂ ವ್ಯರ್ಥವಾಗುವಂತಿಲ್ಲ. ಕಾಗದದ ಮೇಲೆ ತಡವುತ್ತ ಹೋದರೆ ಗುರುವಾರದ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಈಗ ಮೂರು ಗೆರೆಗಳ ಸಾಲಿನ ಸೊಗಸಿನ ಅಂಕನವನ್ನು ತೆಗೆದುಕೊಳ್ಳಿ: 0, 3, 1, 2. ಸೋಮವಾರ ಬಸ್ಸು ಸಮೇತನಹಳ್ಳಿ, ಜಡಿಗೇನಹಳ್ಳಿ, ಹೊಸಕೋಟೆ, ಅನುಗೊಂಡನಹಳ್ಳಿ ಎಂದು ಹೋಗಲಿ. ಮರುದಿನ ಪ್ರತಿ ಸಂಖ್ಯೆಗೂ 1 ಕೂಡಿಸಿ: 1, 4, 2, 3. ಅಂದರೆ ಹೊಸಕೋಟೆ, ಸೂಲಿಬೆಲೆ, ಅನುಗೊಂಡನಹಳ್ಳಿ, ಜಡಿಗೇನಹಳ್ಳಿ. ಹೀಗೆ ದಿನವೂ ಒಂದೊಂದು ಕೂಡಿಸುತ್ತ ಹೋಗಿ, 6 ದಾಟಿದರೆ ಮತ್ತೆ 0ಗೆ ಬನ್ನಿ. ಶುಕ್ರವಾರ 4, 0, 5, 6 ಬರುತ್ತದೆ: ಸೂಲಿಬೆಲೆಯಿಂದ ಸಮೇತನಹಳ್ಳಿ, ಅಲ್ಲಿಂದ ನಂದಗುಡಿ, ಕೊನೆಗೆ ವಿಜಯಪುರ. ಭಾನುವಾರದ ಹೊತ್ತಿಗೆ 21 ಜೋಡಿಗಳೂ ಮುಗಿದಿರುತ್ತವೆ. ಕಾರಣ ಸರಳ. ಏಳು ಊರುಗಳನ್ನು ವೃತ್ತದ ಮೇಲಿಟ್ಟರೆ ಯಾವ ಎರಡರ ಅಂತರವೂ 1, 2 ಅಥವಾ 3. ಸೊಗಸಿನ ಅಂಕನದಲ್ಲಿ ಪ್ರತಿ ಅಂತರಕ್ಕೂ ಒಂದೇ ಗೆರೆ. ಅದನ್ನು ವೃತ್ತದ ಸುತ್ತ ಏಳು ಸಲ ತಿರುಗಿಸಿದರೆ ಆ ಅಂತರದ ಏಳೂ ಜೋಡಿಗಳು ಸಿಕ್ಕಿಬಿಡುತ್ತವೆ.

ಈ ತಿರುಗಿಸುವ ಉಪಾಯವೇ ಇಡೀ ಶಾಖೆಯ ಹುಟ್ಟಿಗೆ ಕಾರಣ. 1963ರಲ್ಲಿ ಜರ್ಮನಿಯ ಗೆರ್ಹಾರ್ಡ್ ರಿಂಗೆಲ್ ಒಂದು ಪ್ರಶ್ನೆ ಎತ್ತಿದರು. n ಗೆರೆಗಳ ಯಾವುದೇ ಮರವನ್ನು ಕೊಡಿ. 2n+1 ಚುಕ್ಕಿಗಳಲ್ಲಿ ಪ್ರತಿ ಎರಡನ್ನೂ ಸೇರಿಸಿದ ಸಂಪೂರ್ಣ ಗ್ರಾಫನ್ನು ಆ ಮರದ 2n+1 ಪ್ರತಿಗಳಾಗಿ, ಒಂದು ಗೆರೆಯೂ ಉಳಿಯದಂತೆ, ಕತ್ತರಿಸಬಹುದೆ? ಸ್ಲೊವಾಕಿಯಾದ ಆಂಟನ್ ಕೊಟ್ಜಿಗ್ ಅವರು ವೃತ್ತದಲ್ಲಿ ತಿರುಗಿಸಿಯೇ ಹೀಗೆ ಮಾಡಬಹುದು ಎಂದು ಊಹಿಸಿದರು. ಅವರ ಶಿಷ್ಯ ಅಲೆಕ್ಸಾಂಡರ್ ರೋಸಾ 1966ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಮಂಡಿಸಿ 1967ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ಅಂಕನಗಳ ವ್ಯಾಖ್ಯೆ ಕೊಟ್ಟರು. ‘ಗ್ರೇಸ್‌ಫುಲ್’ ಎಂಬ ಹೆಸರು ಅವರದಲ್ಲ. ಅವರು ಬೀಟಾ ಅಂಕನ ಎಂದಿದ್ದರು. ಹೆಸರನ್ನಿಟ್ಟವರು ಅಮೆರಿಕದ ಸಾಲಮನ್ ಗೊಲೊಂಬ್, 1972ರಲ್ಲಿ. ಪ್ರತಿಯೊಂದು ಮರವೂ ಸೊಗಸಿನದೇ ಎಂಬುದು ರಿಂಗೆಲ್–ಕೊಟ್ಜಿಗ್ ಊಹೆ. ಇದನ್ನು ಸಾಧಿಸುವ ಹಟಕ್ಕೆ ಕೊಟ್ಜಿಗ್ ‘ರೋಗ’ ಎಂದೇ ಕರೆದರಂತೆ. ಹಿಡಿದವರನ್ನು ಅದು ಬಿಡುವುದಿಲ್ಲ.

ಗೊಲೊಂಬ್ ಅವರಿಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಇತ್ತು. ಆರು ಅಂಗುಲದ ಅಳತೆಪಟ್ಟಿಯಲ್ಲಿ 0, 1, 4, 6 ಎಂಬ ನಾಲ್ಕೇ ಗುರುತುಗಳಿದ್ದರೆ 1ರಿಂದ 6ರವರೆಗಿನ ಎಲ್ಲ ಅಂಗುಲಗಳನ್ನೂ ಅಳೆಯಬಹುದು. ನಾಲ್ಕು ಚುಕ್ಕಿಗಳ ಸಂಪೂರ್ಣ ಗ್ರಾಫ್ ಸೊಗಸಿನದು ಎಂಬುದಕ್ಕೆ ಇದು ಇನ್ನೊಂದು ಹೆಸರಷ್ಟೆ. ಐದು ಅಥವಾ ಹೆಚ್ಚು ಚುಕ್ಕಿಗಳಿಗೆ ಇಂಥ ಪಟ್ಟಿ ಸಾಧ್ಯವಿಲ್ಲ. ಗೊಲೊಂಬ್ ಮತ್ತು ಗ್ಯಾರಿ ಬ್ಲೂಮ್ 1977ರಲ್ಲಿ ಬರೆದ ಲೇಖನದಲ್ಲಿ ಎಕ್ಸ್‌-ರೇ ಹರಳುಶಾಸ್ತ್ರ, ರಾಡಾರ್, ಸಂಪರ್ಕ ಜಾಲಗಳಲ್ಲಿ ಈ ಅಂಕನಗಳ ಬಳಕೆಯನ್ನು ವಿವರಿಸಿದ್ದಾರೆ.

ಈಗ ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ಗ್ರಾಫ್ ಸಿದ್ಧಾಂತ ಬೇರೂರಿದ್ದರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಾತ್ರ ದೊಡ್ಡದು. ಅಲ್ಲಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ, ಪ್ರಾಧ್ಯಾಪಕರಾಗಿದ್ದ ಇ. ಸಂಪತ್‌ಕುಮಾರ್ ಒಂದು ಪೀಳಿಗೆಯನ್ನೇ ಈ ಕಡೆಗೆ ತಿರುಗಿಸಿದರು. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ವಿ. ಆರ್. ಕುಳ್ಳಿ ಇದೇ ಕೆಲಸ ಮಾಡಿದರು. 1979ರಲ್ಲಿ ಎಚ್. ಬಿ. ವಾಲೀಕಾರ್, ಬಿ. ಡಿ. ಆಚಾರ್ಯ, ಸಂಪತ್‌ಕುಮಾರ್ ಈ ಮೂವರು ಸೇರಿ, ಗ್ರಾಫ್‌ಗಳಲ್ಲಿ ‘ಪ್ರಾಬಲ್ಯ’ ಎಂಬ ವಿಷಯದ ಮೇಲೆ ಒಂದು ಉಪನ್ಯಾಸ ಗ್ರಂಥವನ್ನು ಹೊರತಂದರು. ಎಲ್ಲ ಬೀದಿಗಳ ಮೇಲೂ ಕಣ್ಣಿಡಲು ಕನಿಷ್ಠ ಎಷ್ಟು ಕಾವಲುಗಾರರು ಬೇಕು ಎಂಬಂಥ ಲೆಕ್ಕಗಳ ಶಾಸ್ತ್ರ ಅದು. ಪ್ರಕಟಿಸಿದ್ದು ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆ. ಈಗ ಅದರ ಹೆಸರು ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆ.

ಮೂವರಲ್ಲಿ ಬಿ. ಡಿ. ಆಚಾರ್ಯ ಅವರೇ ನಮ್ಮ ಕತೆಯ ಮುಖ್ಯ ವ್ಯಕ್ತಿ. ಪೂರ್ಣ ಹೆಸರು ಬೆಳ್ಮಣ್ಣು ದೇವದಾಸ ಆಚಾರ್ಯ. ಕಾರ್ಕಳ ಸೀಮೆಯ ಬೆಳ್ಮಣ್ಣು ಅವರ ಹೆಸರಿನ ಮೊದಲಲ್ಲೇ ಇದೆ. 1975ರಲ್ಲಿ ಮುಂಬಯಿಯ ಐ.ಐ.ಟಿ.ಯಿಂದ ಡಾಕ್ಟರೇಟ್ ಪಡೆದರು. ಮುಂದೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ಹಲವು ವರ್ಷ ಕೆಲಸ ಮಾಡಿದರು. 2013ರಲ್ಲಿ ತೀರಿಕೊಂಡರು. ಕಚೇರಿಯ ಕಡತಗಳ ನಡುವೆಯೂ ಸಂಶೋಧನೆ ನಿಲ್ಲಿಸಲಿಲ್ಲ.

1981ರಲ್ಲಿ ಅವರೂ ಎಂ. ಕೆ. ಗಿಲ್ ಅವರೂ ಸೇರಿ, ಚೌಕುಳಿ ಚೌಕುಳಿಯಾಗಿ ಹೆಣೆದ ಆಯತಾಕಾರದ ಜಾಲರಿ ಸೊಗಸಿನದೆಂದು ತೋರಿಸಿದರು. ಚುಕ್ಕಿ ರಂಗೋಲಿಯನ್ನು ನೆನೆದುಕೊಳ್ಳಿ. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಮೇಲಿನ ಸಾಲಿನಲ್ಲಿ 5, 6, 1; ಕೆಳಗಿನ ಸಾಲಿನಲ್ಲಿ 7, 0, 4. ಅಡ್ಡವೂ ಉದ್ದವೂ ಸೇರಿ ಏಳು ಗೆರೆಗಳಲ್ಲಿ 1ರಿಂದ 7 ಒಂದೊಂದೇ ಸಲ ಬರುತ್ತದೆ. ಎರಡು-ಮೂರರ ಜಾಲರಿಗೆ ಹೀಗೆ ಹುಡುಕಿ ತೆಗೆಯಬಹುದು. ಎಷ್ಟು ದೊಡ್ಡ ಜಾಲರಿ ಕೊಟ್ಟರೂ ನಡೆಯುವ ವಿಧಾನ ಬೇಕೆಂದರೆ ಕೆಲಸ ಬೇರೆಯೇ.

ಮರುವರ್ಷ, 1982ರಲ್ಲಿ, ಆಚಾರ್ಯರು ಪ್ರಕಟಿಸಿದ ಒಂದು ಫಲಿತಾಂಶ ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುತ್ತದೆ. ಯಾವ ಗ್ರಾಫನ್ನೇ ಕೊಡಿ, ಅದು ಸೊಗಸಿನದಲ್ಲದಿದ್ದರೂ, ಅದನ್ನು ಇದ್ದಂತೆಯೇ ತನ್ನೊಳಗೆ ಇರಿಸಿಕೊಂಡ ದೊಡ್ಡದೊಂದು ಸೊಗಸಿನ ಗ್ರಾಫ್ ಇದ್ದೇ ಇದೆ. ಇದನ್ನು ನಾವೇ ಸರಳವಾಗಿ ಮನಗಾಣಬಹುದು. ನಮ್ಮ ಹಟಮಾರಿ ಪಂಚಭುಜವನ್ನೇ ತೆಗೆದುಕೊಳ್ಳಿ. ಅದರ ಚುಕ್ಕಿಗಳಿಗೆ ಕ್ರಮವಾಗಿ 1, 3, 9, 27, 81 ಕೊಡಿ. ಗೆರೆಗಳ ಮೇಲೆ 2, 6, 18, 54, 80 ಬರುತ್ತದೆ. ಹೊರಗೆ 0 ಎಂಬ ಹೊಸ ಚುಕ್ಕಿಯನ್ನಿಟ್ಟು ಐದಕ್ಕೂ ಸೇರಿಸಿ. ಆ ಗೆರೆಗಳ ಮೇಲೆ 1, 3, 9, 27, 81. ಒಟ್ಟು ಹತ್ತು ಸಂಖ್ಯೆಗಳಾದವು. ಒಂದೂ ಎರಡು ಸಲ ಬಂದಿಲ್ಲ. 81ರೊಳಗೆ ಬಾರದೆ ಉಳಿದ 71 ಸಂಖ್ಯೆಗಳಿವೆಯಲ್ಲ, ಪ್ರತಿಯೊಂದಕ್ಕೂ ಆ ಸಂಖ್ಯೆಯನ್ನೇ ಹೊತ್ತ ಒಂದು ಹೊಸ ಚುಕ್ಕಿಯನ್ನಿಟ್ಟು 0ಗೆ ತಗುಲಿಸಿ. ಮುಗಿಯಿತು! 81 ಗೆರೆಗಳ ಸೊಗಸಿನ ಗ್ರಾಫ್, ಹೊಟ್ಟೆಯಲ್ಲಿ ಪಂಚಭುಜ. ಮೂರರ ಘಾತಗಳನ್ನೇ ಬಳಸಿದರೆ ಇದು ಯಾವ ಗ್ರಾಫಿಗೂ ನಡೆಯುತ್ತದೆ.

ಇದರ ಪರಿಣಾಮವನ್ನು ಗಮನಿಸಿ. ‘ಇಂಥ ತುಂಡು ಒಳಗಿದ್ದರೆ ಗ್ರಾಫ್ ಸೊಗಸಿನದಲ್ಲ’ ಎಂದು ಒಂದು ಕಪ್ಪುಪಟ್ಟಿ ಮಾಡಿ ಈ ಸಮಸ್ಯೆಯನ್ನು ಮುಗಿಸುವ ಆಸೆ ಯಾರಿಗಾದರೂ ಇದ್ದರೆ, ಅದನ್ನು ಅಲ್ಲಿಗೇ ಬಿಡಬೇಕು. ಪಟ್ಟಿಗೆ ಸೇರಿಸಲು ಒಂದು ತುಂಡೂ ಸಿಗುವುದಿಲ್ಲ. ಒಂದು ಬಾಗಿಲು ಮುಚ್ಚಿದೆ ಎಂದು ಸಾಧಿಸುವುದೂ ಗಣಿತದಲ್ಲಿ ಸಾಧನೆಯೇ.

1983ರಲ್ಲಿ ಆಚಾರ್ಯರು ಇನ್ನೊಂದು ಹೆಜ್ಜೆ ಇಟ್ಟರು. ಚುಕ್ಕಿಗೆ ಸಂಖ್ಯೆಯನ್ನೇ ಏಕೆ ಕೊಡಬೇಕು, ಗಣವನ್ನು ಕೊಟ್ಟರೆ ಏನಾಗುತ್ತದೆ? ಮೆಹ್ತಾ ಸಂಸ್ಥೆಯೇ ಪ್ರಕಟಿಸಿದ ಅವರ ಉಪನ್ಯಾಸ ಗ್ರಂಥದ ವಿಷಯ ಇದು. ಒಂದು ತರಗತಿಯ ಹುಡುಗರನ್ನು ಚುಕ್ಕಿಗಳೆನ್ನಿ. ಪ್ರತಿಯೊಬ್ಬನ ಮೇಲೆ ಅವನ ಅಭಿರುಚಿಗಳ ಗಣವನ್ನು ಬರೆಯಿರಿ: ಕ್ರಿಕೆಟ್, ಸಂಗೀತ, ಚೆಸ್. ಇಬ್ಬರನ್ನು ಸೇರಿಸುವ ಗೆರೆಯ ಮೇಲೆ, ಒಬ್ಬನಿಗಿದ್ದು ಇನ್ನೊಬ್ಬನಿಗಿಲ್ಲದ ಅಭಿರುಚಿಗಳ ಗಣ. ಗೆರೆಗಳ ಮೇಲಿನ ಗಣಗಳೆಲ್ಲ ಬೇರೆ ಬೇರೆಯಾಗಿರಬೇಕು. ಪ್ರತಿ ಗ್ರಾಫಿಗೂ ಇದು ಸಾಧ್ಯ ಎಂಬುದು ತಕ್ಷಣ ತಿಳಿಯುತ್ತದೆ: ಒಬ್ಬೊಬ್ಬನಿಗೂ ಮತ್ತೊಬ್ಬನಿಗಿಲ್ಲದ ಒಂದೊಂದು ಅಭಿರುಚಿ ಕೊಟ್ಟರಾಯಿತು. ಪ್ರಶ್ನೆ ಇರುವುದು ಅಲ್ಲಲ್ಲ. ಕನಿಷ್ಠ ಎಷ್ಟು ಅಭಿರುಚಿಗಳಿದ್ದರೆ ಸಾಕು? ಮೂರು ಅಭಿರುಚಿಗಳಿಂದ ಎಂಟು ಗಣಗಳು ಮಾತ್ರ ಆಗುವುದರಿಂದ ಒಂಬತ್ತು ಹುಡುಗರಿದ್ದರೆ ಮೂರು ಸಾಲದು. ಸರಿಯಾದ ಸಂಖ್ಯೆಯನ್ನು ಕಂಡುಹಿಡಿಯುವುದು ಅನೇಕ ಗ್ರಾಫ್‌ಗಳಿಗೆ ಸುಲಭವಲ್ಲ.

ಈ ದಾರಿಯಲ್ಲಿ ಅವರೊಡನೆ ನಡೆದವರು ಎಸ್. ಎಂ. ಹೆಗ್ಡೆ. ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾಗಿ, 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಹೆಗ್ಡೆಯವರ ಕೆಲಸ ಬಹುಪಾಲು ನಡೆದದ್ದು ಅಲ್ಲಿ. ಆಚಾರ್ಯ ಮತ್ತು ಹೆಗ್ಡೆ 1990ರಲ್ಲಿ ‘ಅಂಕಗಣಿತ ಗ್ರಾಫ್’ಗಳನ್ನು ಗಣಿತ ಲೋಕದ ಮುಂದಿಟ್ಟರು. ಅಲ್ಲಿ ವ್ಯತ್ಯಾಸದ ಬದಲು ಮೊತ್ತ. ಗೆರೆಗಳ ಮೇಲಿನ ಮೊತ್ತಗಳು ನೀವು ಹತ್ತನೆಯ ತರಗತಿಯಲ್ಲಿ ಕಲಿಯುವ ಸಮಾಂತರ ಶ್ರೇಢಿಯಾಗಿ ಬರಬೇಕು. 1991ರಲ್ಲಿ ಇದರದೇ ಒಂದು ವಿಶೇಷ ರೂಪವನ್ನು ಅವರು ಅಭ್ಯಸಿಸಿದರು. p ಚುಕ್ಕಿಗಳಿಗೆ 0ಯಿಂದ p−1 ವರೆಗಿನ ಎಲ್ಲ ಸಂಖ್ಯೆಗಳೂ ಹೋಗಬೇಕು, ಮೊತ್ತಗಳು ನಡುವೆ ಒಂದನ್ನೂ ಬಿಡದೆ ಸಾಲಾಗಿ ಬರಬೇಕು. ಮೊತ್ತಗಳು 1ರಿಂದಲೇ ತೊಡಗಿದರೆ ಅದಕ್ಕೆ ‘ಸ್ಟ್ರಾಂಗ್ಲಿ ಇಂಡೆಕ್ಸೆಬಲ್’ ಎಂದು ಹೆಸರು. ತ್ರಿಭುಜಕ್ಕೆ 0, 1, 2 ಕೊಟ್ಟರೆ ಮೊತ್ತಗಳು 1, 2, 3. ಹೊರಗೆ 3 ಎಂಬ ಚುಕ್ಕಿಯನ್ನಿಟ್ಟು 1ಕ್ಕೂ 2ಕ್ಕೂ ಸೇರಿಸಿದರೆ 4, 5 ಕೂಡ ಬಂದವು. ನಾಲ್ಕು ಚುಕ್ಕಿಗಳಿಗೆ ಐದು ಗೆರೆ. ಇನ್ನೂ ಒಂದು ಗೆರೆ ಹಿಡಿಸಬಹುದೆ? ಇಲ್ಲ. ಅತಿ ದೊಡ್ಡ ಎರಡು ಸಂಖ್ಯೆಗಳ ಮೊತ್ತವೇ 2p−3. ಆದ್ದರಿಂದ ಗೆರೆಗಳು ಅದಕ್ಕಿಂತ ಹೆಚ್ಚಾಗುವಂತಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. 1998ರಲ್ಲಿ ಎನೊಮೊಟೊ, ಲ್ಯಾಡೊ, ನಕಮಿಗಾವಾ ಮತ್ತು (ಮೇಲೆ ಹೇಳಿದ ಅದೇ) ರಿಂಗೆಲ್ ‘ಸೂಪರ್ ಎಡ್ಜ್ ಮ್ಯಾಜಿಕ್’ ಎಂಬ ಅಂಕನವನ್ನು ಪರಿಚಯಿಸಿದರು. ಚುಕ್ಕಿಗಳಿಗೆ 1ರಿಂದ p, ಗೆರೆಗಳಿಗೆ ಅಲ್ಲಿಂದ ಮುಂದಿನ ಸಂಖ್ಯೆಗಳು. ಪ್ರತಿ ಗೆರೆಯ ಸಂಖ್ಯೆಯನ್ನೂ ಅದರ ಎರಡು ತುದಿಗಳನ್ನೂ ಕೂಡಿದರೆ ಎಲ್ಲೆಡೆಯೂ ಒಂದೇ ಮೊತ್ತ. ಮಾಯಾಚೌಕದ ತಮ್ಮ ಎನ್ನಬಹುದು. ತ್ರಿಭುಜದ ಮೂಲೆಗಳಿಗೆ 1, 2, 3 ಕೊಡಿ. ತುದಿಗಳ ಮೊತ್ತ 3, 4, 5. ಆ ಗೆರೆಗಳಿಗೆ ಕ್ರಮವಾಗಿ 6, 5, 4 ಕೊಟ್ಟರೆ ಎಲ್ಲೆಡೆ 9. ಈಗ ಹೇಳಿ, ಇದು ಹೊಸದೆ? ಗೆರೆಗಳ ಸಂಖ್ಯೆಗಳು ಸಾಲಾಗಿದ್ದರೆ, ಒಟ್ಟು ಮೊತ್ತ ಬದಲಾಗದಿರಬೇಕಾದರೆ, ತುದಿಗಳ ಮೊತ್ತಗಳೂ ಸಾಲಾಗಿಯೇ ಇರಬೇಕು. ಪ್ರತಿ ಚುಕ್ಕಿಯಿಂದ 1 ಕಳೆದುಬಿಟ್ಟರೆ ಆಚಾರ್ಯ–ಹೆಗ್ಡೆಯವರ ಅಂಕನವೇ ಕಣ್ಣಮುಂದೆ ನಿಲ್ಲುತ್ತದೆ. ಮೊತ್ತಗಳು 1ರ ಬದಲು ಬೇರೆ ಸಂಖ್ಯೆಯಿಂದ ತೊಡಗಬಹುದು, ಅಷ್ಟೇ. ಅದಕ್ಕೂ ಅವರಲ್ಲಿ ಹೆಸರಿತ್ತು. ಎರಡೂ ಒಂದೇ ಎಂಬುದನ್ನು ಮುಂದೆ ಬರೆದು ತೋರಿಸಲಾಯಿತು. ಆದರೂ ಜಗತ್ತಿನಲ್ಲಿ ಹೆಚ್ಚು ಓಡಾಡುವ ಹೆಸರು ನಂತರ ಬಂದದ್ದು. ಇದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬರು ನಡೆದ ದಾರಿ ಇನ್ನೊಬ್ಬರಿಗೆ ಕಾಣದಷ್ಟು ಈ ಕಾಡು ದಟ್ಟವಾಗಿ ಬೆಳೆದುಬಿಟ್ಟಿತ್ತು.

ಆ ಕಾಡಿಗೆ ನಕ್ಷೆ ಬರೆದವರು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಡುಲೂತ್ ಶಾಖೆಯ ಜೋಸೆಫ್ ಗ್ಯಾಲಿಯನ್. ಪದವಿ ತರಗತಿಗಳ ಬೀಜಗಣಿತಕ್ಕೆ ಅವರು 1986ರಲ್ಲಿ ಬರೆದ ಪಠ್ಯಪುಸ್ತಕ ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲೂ ಇದೆ. 1998ರಲ್ಲಿ ಅವರು ಗ್ರಾಫ್ ಲೇಬಲಿಂಗ್ ಕುರಿತು ಒಂದು ಸಮೀಕ್ಷೆಯನ್ನು ಕಂಪ್ಯೂಟರ್ ಮೂಲಕ ಓದಬಹುದಾದ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಅದನ್ನು ಮತ್ತೆ ಮತ್ತೆ ತಿದ್ದಿ ಬೆಳೆಸುತ್ತ ಬಂದರು. ಯಾವ ಗ್ರಾಫಿಗೆ ಯಾವ ಅಂಕನವನ್ನು ಯಾರು ಯಾವಾಗ ಸಾಧಿಸಿದರು ಎಂಬುದೆಲ್ಲ ಅದರಲ್ಲಿದೆ. ಸಮೀಕ್ಷೆ ಈಗ ಹೆಸರಿಸುವ ಪ್ರಬಂಧಗಳು ಎರಡೂವರೆ ಸಾವಿರಕ್ಕೂ ಮಿಗಿಲು. ಭಾರತದ ಸಣ್ಣ ಊರುಗಳ ಕಾಲೇಜು ಅಧ್ಯಾಪಕರು ಅದರಲ್ಲಿ ಎದ್ದು ಕಾಣುವಷ್ಟು ಸಂಖ್ಯೆಯಲ್ಲಿದ್ದಾರೆ. ಆಚಾರ್ಯ–ಗಿಲ್ ಜಾಲರಿ, ಆಚಾರ್ಯ–ಹೆಗ್ಡೆ ಅಂಕನಗಳು ಎಲ್ಲಕ್ಕೂ ಅಲ್ಲಿ ಜಾಗವಿದೆ.

ಗ್ಯಾಲಿಯನ್ ಅವರ ಇನ್ನೊಂದು ಕೆಲಸವೂ ನಮಗೆ ಬೇಕಾದದ್ದು. 1977ರಿಂದ ಹಲವು ದಶಕಗಳ ಕಾಲ ಪ್ರತಿ ಬೇಸಿಗೆಯಲ್ಲೂ ಬೆರಳೆಣಿಕೆಯ ಪದವಿ ವಿದ್ಯಾರ್ಥಿಗಳನ್ನು ಡುಲೂತ್‌ಗೆ ಕರೆಸಿ, ಇನ್ನೂ ಬಿಡಿಸದ ಒಂದೊಂದು ಪ್ರಶ್ನೆಯನ್ನು ಅವರ ಕೈಗಿಟ್ಟರು. ಉತ್ತರ ಪುಸ್ತಕದ ಹಿಂದೆ ಇರುವುದಿಲ್ಲ, ಮೇಷ್ಟರಿಗೂ ಗೊತ್ತಿರುವುದಿಲ್ಲ. ಹೀಗೆ ಹೊರಬಂದ ಪ್ರಬಂಧಗಳು ವೃತ್ತಿಪರ ಗಣಿತ ಪತ್ರಿಕೆಗಳಲ್ಲಿ ಅಚ್ಚಾದವು. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮಂಜುಲ್ ಭಾರ್ಗವ ಕೂಡ ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ಕೆಲಸ ಮಾಡಿದವರು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದದ್ದು ಮುಂಬಯಿ ವಿಶ್ವವಿದ್ಯಾಲಯದ ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಬೇಸಿಗೆಯ ಗಣಿತ ತರಬೇತಿ ಶಿಬಿರ, ಎಂ.ಟಿ.ಟಿ.ಎಸ್. ಸಾಮಾನ್ಯ ಕಾಲೇಜುಗಳ ವಿದ್ಯಾರ್ಥಿಗಳನ್ನೇ ಆರಿಸಿ, ಪ್ರಶ್ನೆ ಕೇಳಿ ಕೇಳಿ ಅವರಿಂದಲೇ ಉತ್ತರ ಹೊರಡಿಸುವುದು ಅಲ್ಲಿನ ರೀತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರ ಜನವರಿಯಿಂದ ‘ರೆಸೊನೆನ್ಸ್’ ಎಂಬ ಮಾಸಪತ್ರಿಕೆಯನ್ನು ಪದವಿ ವಿದ್ಯಾರ್ಥಿಗಳಿಗಾಗಿಯೇ ತರುತ್ತಿದೆ. ಇವೆಲ್ಲ ಒಳ್ಳೆಯವು. ಆದರೆ ಬಿ.ಎಸ್ಸಿ. ತರಗತಿಯಲ್ಲಿ ಪ್ರಮೇಯವನ್ನು ಬೋರ್ಡಿನಿಂದ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಉತ್ತರಪತ್ರಿಕೆಗೆ ಸಾಗಿಸುವ ಅಭ್ಯಾಸ ಇದರಿಂದ ಹೋಗಿದೆಯೆ ಎಂದರೆ, ಇಲ್ಲ ಎನ್ನಬೇಕಾಗುತ್ತದೆ. ಮೂರು ವರ್ಷ ಗಣಿತ ಓದಿದ ಹುಡುಗಿ ತನ್ನದೇ ಒಂದು ಪ್ರಶ್ನೆಯನ್ನು ಒಂದು ಸಲವೂ ಕೇಳದೆ ಪದವಿ ಪಡೆಯಬಹುದು. ಅಂಥ ಕಡೆ ಗ್ರಾಫ್ ಲೇಬಲಿಂಗ್ ಒಂದು ತೆರೆದ ಬಾಗಿಲು. ಪ್ರಯೋಗಾಲಯ ಬೇಡ, ಹಣ ಬೇಡ. ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ರಬ್ಬರ್ ಹೆಚ್ಚು ಬೇಕು.

ಬಾಗಿಲು ತೆರೆದಿದೆ ಎಂಬುದರಲ್ಲೇ ಅಪಾಯವೂ ಇದೆ. ಮೊತ್ತ, ವ್ಯತ್ಯಾಸ, ಗುಣಲಬ್ಧ, ಶೇಷ ಎಂದು ನಿಯಮವನ್ನು ಸ್ವಲ್ಪ ಬದಲಿಸಿ, ಹೊಸ ಹೆಸರಿಟ್ಟು, ಎರಡು ಜಾತಿಯ ಗ್ರಾಫ್‌ಗಳಿಗೆ ಲೆಕ್ಕ ಮಾಡಿ ಒಂದು ಪ್ರಬಂಧ ಬರೆಯುವುದು ಬಹಳ ಸುಲಭ. ಅಂಥವು ರಾಶಿ ಬಿದ್ದಿವೆ. ಬಡ್ತಿಗೆ ಪ್ರಬಂಧಗಳ ಎಣಿಕೆ ಬೇಕಾದಾಗ ರಾಶಿ ಇನ್ನೂ ಬೆಳೆಯುತ್ತದೆ. ಆಚಾರ್ಯರ 1982ರ ಫಲಿತಾಂಶವನ್ನು ಇವುಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಅದು ಒಂದು ಗ್ರಾಫಿನ ಮಾತಲ್ಲ; ಎಲ್ಲ ಗ್ರಾಫ್‌ಗಳ ಬಗ್ಗೆ ಒಂದೇ ಸಲಕ್ಕೆ ಏನನ್ನೋ ಹೇಳುತ್ತದೆ. ಗಣಗಳ ಅಂಕನವೂ ಹಾಗೆಯೇ: ಅದರಲ್ಲಿ ಹೆಸರು ಮಾತ್ರವಲ್ಲ, ಪ್ರಶ್ನೆಯೂ ಹೊಸದು. ಹಳೆಯದನ್ನು ಓದದೆ ಹೊಸ ಹೆಸರಿಡುವವನು, ಒಂದೇ ಕೆರೆಗೆ ಎರಡು ಊರಿನವರು ಬೇರೆ ಬೇರೆ ಹೆಸರಿಟ್ಟು ಇಬ್ಬರೂ ತಾವೇ ತೋಡಿಸಿದ್ದು ಎಂದ ಹಾಗೆ ಮಾಡುತ್ತಾನೆ.

ಇನ್ನು ಮರಗಳ ಊಹೆಯ ಸಂಗತಿ ಎಲ್ಲಿಗೆ ಬಂತು? ಒಂದು ನಡುಸಾಲು, ಅದರ ಚುಕ್ಕಿಗಳಿಂದ ಪಕ್ಕಕ್ಕೆ ಒಂದೊಂದೇ ಗೆರೆಯ ಕಾಲುಗಳು ಇರುವ ಮರಕ್ಕೆ ಕಂಬಳಿಹುಳು ಎಂದು ಹೆಸರು. (ರೇಷ್ಮೆಯ ಊರಾದ ವಿಜಯಪುರದ ಕಡೆಯವರಿಗೆ ಹುಳುವಿನ ಹೆಸರು ವಿಚಿತ್ರವೆನಿಸಲಾರದು.) ಕಂಬಳಿಹುಳುಗಳೆಲ್ಲ ಸೊಗಸಿನವೆಂದು ರೋಸಾ ಆಗಲೇ ತೋರಿಸಿದ್ದರು. 2002ರಲ್ಲಿ ಹೆಗ್ಡೆ ಮತ್ತು ಸುಧಾಕರ ಶೆಟ್ಟಿ ಇನ್ನೊಂದು ದೊಡ್ಡ ಬಗೆಯನ್ನು ಸೇರಿಸಿದರು. ಮರದ ಒಂದು ಗೆರೆಯನ್ನು ಕಿತ್ತು, ಅದರ ಎರಡು ತುದಿಗಳಿಂದ ಸಮಾನ ದೂರದಲ್ಲಿರುವ ಕೊನೆಯ ಎರಡು ಚುಕ್ಕಿಗಳ ನಡುವೆ ಹಾಕುವುದು. ಹೀಗೆ ಮಾಡುತ್ತ ಮಾಡುತ್ತ ಮರ ಒಂದೇ ಸಾಲಾಗಿ ಹಿಗ್ಗಿದರೆ ಆ ಮರ ಸೊಗಸಿನದು. 2010ರಲ್ಲಿ ವೆನ್‌ಜಿಯೆ ಫಾಂಗ್ ಕಂಪ್ಯೂಟರ್ ಸಹಾಯದಿಂದ 35 ಚುಕ್ಕಿಗಳವರೆಗಿನ ಪ್ರತಿಯೊಂದು ಮರವನ್ನೂ ಪರೀಕ್ಷಿಸಿ, ಒಂದೂ ತಪ್ಪಿಸಿಕೊಂಡಿಲ್ಲ ಎಂದು ವರದಿ ಮಾಡಿದರು. 2020ರಲ್ಲಿ ಮಾಂಟ್‌ಗೊಮರಿ, ಪೊಕ್ರೊವ್‌ಸ್ಕಿ, ಸುಡಕೋವ್ ಎಂಬ ಮೂವರು, ರಿಂಗೆಲ್ ಅವರ ಮೂಲ ಪ್ರಶ್ನೆಗೆ, n ಸಾಕಷ್ಟು ದೊಡ್ಡದಿದ್ದಾಗ, ಹೌದು ಎಂಬ ಉತ್ತರವನ್ನು ಸಾಧಿಸಿದರು. ತಿರುಗಿಸುವ ಉಪಾಯವನ್ನೇ ಅವರೂ ಬಳಸಿದರು. ಆದರೂ ಪ್ರತಿ ಮರವೂ ಸೊಗಸಿನದೇ ಎಂಬುದು ಅದರಿಂದ ಬರುವುದಿಲ್ಲ. ಅದು ಇಂದಿಗೂ ಊಹೆಯೇ.

ಕಂಬಳಿಹುಳುವಲ್ಲದ ಅತಿ ಚಿಕ್ಕ ಮರ ಯಾವುದು ಗೊತ್ತೆ? ನಡುವೆ ಒಂದು ಚುಕ್ಕಿ, ಅದರಿಂದ ಮೂರು ಕಾಲುಗಳು, ಕಾಲಿಗೆ ಎರಡೆರಡು ಗೆರೆ. ಮೂರು ಕಾಲಿನ ಜೇಡದಂತಿರುತ್ತದೆ. ಏಳು ಚುಕ್ಕಿ, ಆರು ಗೆರೆ. ಮೇಲೆ ಹೇಳಿದ ಗೆರೆ ಸರಿಸುವ ಆಟವೂ ಇದರಲ್ಲಿ ನಡೆಯುವುದಿಲ್ಲ. ಸರಿಸಲು ಒಂದು ಗೆರೆಯೂ ಒದಗುವುದಿಲ್ಲ. 0ಯಿಂದ 6ರವರೆಗೆ ಹಂಚಿ ನೋಡಿ. ನಡುವೆ 0 ಇಟ್ಟುಕೊಂಡು ತೊಡಗಿ. ಅದರ ಪಕ್ಕದಲ್ಲಿ 6, 5, 4 ಬರೆಯುವ ಆಸೆಯಾಗುತ್ತದೆ, ಆದರೆ ಹಾಗೆ ಮಾಡಿದರೆ ಕೂಡಿಬರುವುದಿಲ್ಲ.